ದಮ್ಮಿನ ಡಬ್ಬಿಯ ಹೆಸರುಗಳು

ಅವತ್ತು ನಳ ಬರುವ ದಿನ. ಜೇವರ್ಗಿ ಕಾಲೋನಿಯ ನಮ್ಮ ಓಣಿಗೆ ನಾಲ್ಕೈದು ದಿನಕ್ಕೊಮ್ಮೆ ನೀರು ಬಿಡುತ್ತಾರೆ. ಬೆಳಿಗ್ಗೆ ಐದೂವರೆಗೆ ಪೈಪಿನಲ್ಲಿ ಮೊದಲು ಗಾಳಿ ಬಂದು ಗೊರಗೊರ ಎನ್ನುತ್ತದೆ, ಆಮೇಲೆ ನೀರು. ಕೊಡ, ಡ್ರಮ್ಮು, ಬಕೀಟು ಎಲ್ಲ ತುಂಬಿಸಿ, ಹಾಲು ಕಾಯಿಸಿ, ಆರು ರೊಟ್ಟಿ ಬಡಿದು, ಯಜಮಾನರ ಊಟದ ಡಬ್ಬಿಗೆ ಹೆಸರುಕಾಳಿನ ಪಲ್ಯ ಹಾಕಿಟ್ಟೆ. ಆಮೇಲೆ ದಿನದಂತೆ ಹಳೆಯ ಬನಿಯನ್ನಿನ ತುಂಡು ಹಿಡಿದು ಷೋಕೇಸು ಒರೆಸತೊಡಗಿದೆ. ಮೇಲಿನ ಖಾನೆಯಲ್ಲಿ ಪಿಂಗಾಣಿ ಕಪ್ಪುಗಳು. ಕೆಳಗಿನ ಖಾನೆಯಲ್ಲಿ ಆರು ಮೂಲೆಯ ಒಂದು ಚರ್ಮದ ಪೆಟ್ಟಿಗೆ. ಅದರ ಹಿತ್ತಾಳೆ ಕೊಂಡಿಯನ್ನು ಬೆರಳಿನಿಂದ ಎತ್ತಿ ಮುಚ್ಚಳ ತೆರೆದೆ. ಒಳಗೆ ಬಣ್ಣಗೆಟ್ಟ ನೀಲಿ ಮಖಮಲ್ಲು ಮಾತ್ರ. ಖಾಲಿ ಇದೆಯೆಂದು ಗೊತ್ತಿದ್ದರೂ ಎರಡು ತಿಂಗಳಿಂದ ದಿನಾ ಹೀಗೆ ತೆರೆದು ನೋಡುತ್ತಿದ್ದೆ.

ಯಜಮಾನರು ಸಾಕ್ಸು ಏರಿಸುತ್ತ ಕೂತಿದ್ದರು. ಅವರ ಕಣ್ಣಿಗೆ ಬಿತ್ತು.

"ಇವತ್ತರ ಬರ್ತದೇನು ನಿನ್ನ ದಮ್ಮಿನ ಡಬ್ಬಿ?"

"ತರ್ತೀನ್ರೀ."

"ಅಲ್ಲಿ ತಮ್ಮನ ಮನ್ಯಾಗ ಕೂಸಿಗೆ ಹೆಸರಿಡಾಕತ್ತಾರ. ನೀ ಕೂಸಿನ ನೋಡಾಕ ಬಂದೀಯೋ, ಡಬ್ಬಿ ಒಯ್ಯಾಕ ಬಂದೀಯೋ ಅಂತ ಅವ್ವ ಕೇಳಿದ್ರ ಏನಂತಿ?"

"ಎರಡಕ್ಕೂ ಅಂತೀನಿ," ಎಂದೆ. ಅವರು ನಕ್ಕರು. ನಾನು ನಗಲಿಲ್ಲ. ಖಾಲಿ ಪೆಟ್ಟಿಗೆಯನ್ನು ಒಂದು ಕೈಚೀಲದಲ್ಲಿಟ್ಟು, ಅದರ ಮೇಲೆ ಕೂಸಿಗೆಂದು ಕೊಂಡಿದ್ದ ಫ್ರಾಕು, ಕಾಲುಚೀಲದ ಪೊಟ್ಟಣ ಇಟ್ಟು ಮುಚ್ಚಿದೆ.

ಆ ಪೆಟ್ಟಿಗೆಯಲ್ಲಿ ಇರಬೇಕಾದದ್ದು ಕಾನ್ಸರ್ಟಿನಾ. ಹಾರ್ಮೋನಿಯಂ ಗೊತ್ತಿದ್ದವರಿಗೆ ಹೇಳುವುದು ಸುಲಭ: ಹಾರ್ಮೋನಿಯಮ್ಮಿನ ಹಾಗೆ ಗಾಳಿಯಿಂದಲೇ ನುಡಿಯುತ್ತದೆ, ಆದರೆ ಎರಡು ಕೈಯ ನಡುವೆ ಹಿಡಿಯುವಷ್ಟು ಚಿಕ್ಕದು. ಎರಡು ಬದಿಗೆ ಆರು ಮೂಲೆಯ ಹಲಗೆ, ಹಲಗೆಯ ಮೇಲೆ ಗುಂಡಿಗಳು, ನಡುವೆ ಮಡಿಕೆ ಮಡಿಕೆಯಾದ ತಿದಿ. ಎಳೆದರೆ ಹಿಗ್ಗುತ್ತದೆ, ಒತ್ತಿದರೆ ಕುಗ್ಗುತ್ತದೆ. ಒಂದೇ ಗುಂಡಿ ಎಳೆಯುವಾಗ ಒಂದು ಸ್ವರ, ಒತ್ತುವಾಗ ಇನ್ನೊಂದು ಸ್ವರ ಹೇಳುತ್ತದೆ.

ಕಾನ್ವೆಂಟಿನಲ್ಲಿ ನಮಗೆ ಹಾಡು ಕಲಿಸುತ್ತಿದ್ದ ಸಿಸ್ಟರ್ ಅದನ್ನು ಎಲ್ಲಿ ಹೋದರೂ ಒಯ್ಯುತ್ತಿದ್ದರು. ಮಂಗಳೂರು ಕಡೆಯವರು. ಅವರೇ ಅದನ್ನು 'ಸ್ಕ್ವೀಜ್‌ಬಾಕ್ಸ್' ಎಂದು ಕರೆದು ತಾವೇ ನಗುತ್ತಿದ್ದರು. ನಮ್ಮ ಕ್ಲಾಸಿನ ಹುಡುಗಿಯರು ಇಟ್ಟ ಹೆಸರು 'ಸಿಸ್ಟರ್ ಟಿಫಿನ್'. ಊಟದ ಬೆಲ್ಲಿಗೆ ಮುಂಚೆಯೇ ಅವರು ಅದನ್ನು ತೆರೆಯುತ್ತಿದ್ದರಲ್ಲ, ಅದಕ್ಕೆ. ಆ ಹೆಸರು ಇಡೀ ಶಾಲೆಗೆ ಹಬ್ಬಿತು. ಅದನ್ನು ಹುಟ್ಟಿಸಿದವಳು ನಾನಲ್ಲ. ನಾನು ಮೊದಲನೇ ಬೆಂಚಿನವಳು. ಅಡ್ಡಹೆಸರು ಹುಟ್ಟುವುದು ಯಾವಾಗಲೂ ಕೊನೆಯ ಬೆಂಚಿನಲ್ಲಿ. ನಾನು ಸಿಸ್ಟರ್ ಪಕ್ಕದಲ್ಲಿ ನಿಂತು ಅವರ ಸ್ವರದ ನೋಟ್‌ಬುಕ್ಕಿನ ಹಾಳೆ ತಿರುವುತ್ತಿದ್ದೆ. ಅವರಿಗೆ ಬೇರೆ ಊರಿಗೆ ವರ್ಗವಾದಾಗ ಕಾನ್ಸರ್ಟಿನಾವನ್ನೂ ನೋಟ್‌ಬುಕ್ಕನ್ನೂ ನನ್ನ ಕೈಗೆ ಕೊಟ್ಟು, "ನಿನ್ನ ಕೈ ಜೋಪಾನದ ಕೈ," ಎಂದರು. ಆಗ ಹಿಗ್ಗಿ ಹೋಗಿದ್ದೆ. ಚೆನ್ನಾಗಿ ನುಡಿಸುತ್ತೀ ಎಂದು ಅವರು ಹೇಳಲಿಲ್ಲ ಎನ್ನುವುದು ಹೊಳೆದದ್ದು ಬಹಳ ವರ್ಷದ ಮೇಲೆ.

ಮದುವೆಯಾಗಿ ಬಂದಾಗ ನನ್ನ ಟ್ರಂಕಿನಲ್ಲಿ ಅದೂ ಬಂತು. ಗಂಡನ ಮನೆಯವರು ಕಮಲಾಪುರದವರು. ಹೊಲ, ಬಾಳೆತೋಟ ಎಲ್ಲ ಅಲ್ಲಿಯೇ. ನಾವಿಬ್ಬರು ಮಾತ್ರ ನೌಕರಿಯ ಕಾರಣಕ್ಕೆ ಕಲಬುರಗಿಯಲ್ಲಿ. ಸಂಜೆ ದೀಪ ಹಚ್ಚಿ, ನೋಟ್‌ಬುಕ್ಕು ತೆರೆದಿಟ್ಟು, ಅದರ ಮೊದಲನೇ ಹಾಳೆಯ ಹಾಡನ್ನು ಮೊದಲು, ಎರಡನೇ ಹಾಳೆಯದನ್ನು ಆಮೇಲೆ ನುಡಿಸುವುದು ನನ್ನ ರೂಢಿ. ತಪ್ಪುವುದಿಲ್ಲ. ಆದರೆ ಯಾರೂ ಇನ್ನೊಮ್ಮೆ ನುಡಿಸು ಎನ್ನಲಿಲ್ಲ. ಯಜಮಾನರು ಮೊದಲ ವಾರದಲ್ಲೇ ದಮ್ಮಿನ ಡಬ್ಬಿ ಎಂದರು. ಅವರ ಸೋದರಮಾವನಿಗೆ ದಮ್ಮು ಹತ್ತಿದಾಗ ಹಾಗೇ ಸದ್ದು ಬರುತ್ತಿತ್ತಂತೆ. ಅತ್ತೆಯವರು ಒಂದು ದಿನ ಕೇಳಿ, "ಛಲೋ ಅದ," ಎಂದು ಒಳಗೆ ಹೋದರು. ಅವರು ನಗುವವರಲ್ಲ, ನನ್ನ ಮದುವೆಯ ಫೋಟೋದಲ್ಲೂ ನಕ್ಕಿಲ್ಲ.

ನಾನೂ ಒಂದು ಹೆಸರಿಟ್ಟು ನೋಡಿದ್ದೆ. 'ಷಟ್ಕೋನಿ'. ಊಟಕ್ಕೆ ಕೂತಾಗ ಮೆಲ್ಲಗೆ ಹೇಳಿದೆ. ಯಜಮಾನರು ತುತ್ತು ನಿಲ್ಲಿಸಿ, "ಇದು ಗಣಿತದ ಪುಸ್ತಕದಾಗ ಬರ್ತದಲ್ಲ?" ಎಂದರು. ಅಷ್ಟಕ್ಕೆ ಅದು ಸತ್ತಿತು.

ಈ ಆಷಾಢದಲ್ಲಿ ನನ್ನ ನೆಗೆಣ್ಣಿ ಬಂದು ನಾಲ್ಕು ದಿನ ನಮ್ಮಲ್ಲಿ ಉಳಿದಳು. ಮೈದುನನ ಹೆಂಡತಿ, ಕಮಲಾಪುರದ ಮನೆ, ಅತ್ತೆ, ತೋಟ ಎಲ್ಲ ಅವಳ ಕೈಯಲ್ಲಿಯೇ. ಅವಳ ಬಸುರಿ ಮಗಳಿಗೆ ಆರು ತಿಂಗಳಾಗಿತ್ತು. ದವಾಖಾನೆಗೆ ತೋರಿಸಲು ತಾಯಿ ಮಗಳು ಇಬ್ಬರೂ ಬಂದಿದ್ದರು. ಎರಡನೇ ಸಂಜೆ ನಾನು ನುಡಿಸುವುದನ್ನು ನೋಡುತ್ತ ಕೂತವಳು, ಅಡಿಗೆಮನೆಯಲ್ಲಿ ಕುಕ್ಕರ್ ಕೂಗಿತೆಂದು ನಾನು ಎದ್ದು ಹೋದಾಗ, ಸೆರಗಿಗೆ ಕೈ ಒರೆಸಿಕೊಂಡು ಅದನ್ನು ಎತ್ತಿಕೊಂಡಳು. ನಾನು ಒಗ್ಗರಣೆ ಹಾಕಿ ಬರುವಷ್ಟರಲ್ಲಿ ಅವರ ಊರಿನ ಸೋಮವಾರದ ಭಜನೆಯ ಒಂದು ಸಾಲು ಅದರಿಂದ ಬರುತ್ತಿತ್ತು. ಪುಸ್ತಕ ಇಲ್ಲ, ಸ್ವರ ಗೊತ್ತಿಲ್ಲ. ತಪ್ಪು ಸ್ವರ ಬಂದಾಗ, "ಥೂ, ಮೂಗ ಮುರಿಬ್ಯಾಡ," ಎಂದು ಅದಕ್ಕೇ ಬೈದು ಮುಂದೆ ಹೋಗುತ್ತಿದ್ದಳು.

"ಅಕ್ಕಾ, ಇದರ ಆಟ ನನಗ ತಿಳೀತು ನೋಡ್ರಿ," ಎಂದು ಅವಳು ಎರಡು ಕೈಯಿಂದ ಎಳೆದು ಹಿಗ್ಗಿಸಿದಳು. "ಈಗ ಬಸರಿ." ಒತ್ತಿ ಮುಚ್ಚಿದಳು. "ಈಗ ಬಾಣಂತಿ."

ಬಸುರಿ ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಯಜಮಾನರು ಪೇಪರು ಮಡಚಿಟ್ಟು ನಕ್ಕರು. ಊರಿಗೆ ಫೋನು ಹಚ್ಚಿ ಅದನ್ನೇ ಹೇಳಿದಾಗ, ಅತ್ತೆಯವರು ನಗುವ ಸದ್ದು ಸ್ಪೀಕರಿನಿಂದ ಬಂತು. ಆಮೇಲೆ ಕೆಮ್ಮು, ಮತ್ತೆ ನಗು. ನಾನು ಸಾರಿನ ಪಾತ್ರೆ ಹಿಡಿದು ನಿಂತಿದ್ದೆ. ಇಷ್ಟು ವರ್ಷ ನಾನು ಒಂದೂ ಸ್ವರ ತಪ್ಪದೆ ನುಡಿಸಿ ತೆಗೆಯಲಾಗದ ನಗುವನ್ನು ಇವಳು ಎರಡು ಮಾತಿನಲ್ಲಿ ತೆಗೆದಿದ್ದಳು.

ಶ್ರಾವಣ ಬಂತು. ಅವರ ಭಜನಾ ಮಂಡಳಿಯ ಹಾರ್ಮೋನಿಯಮ್ಮಿನ ತಿದಿಯನ್ನು ಇಲಿ ಕಡಿದು, ರಿಪೇರಿಗೆ ಕೊಟ್ಟಿದ್ದಾರೆಂದು ಫೋನು ಬಂತು. "ಅಕ್ಕಾ, ಒಂದ ತಿಂಗಳಿಗೆ ನಿಮ್ಮದು ಕೊಡ್ರಿ. ಕೂಸಿನಂಗ ನೋಡ್ಕೋತೀನಿ." ಇಲ್ಲ ಎನ್ನಲು ಬಾಯಿ ಬರಲಿಲ್ಲ, ನನಗೆ ಎಂದೂ ಬರುವುದಿಲ್ಲ. ಮೈದುನ ಮೋಟಾರ್‌ಸೈಕಲ್ಲಿನಲ್ಲಿ ಬಂದು, ಚರ್ಮದ ಪೆಟ್ಟಿಗೆ ದೊಡ್ಡದಾಯಿತೆಂದು ಅದನ್ನು ಬಿಟ್ಟು, ಕಾನ್ಸರ್ಟಿನಾವನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋದ.

ಆಮೇಲೆ ಮನೆಯವರ ವಾಟ್ಸಾಪ್ ಗುಂಪಿಗೆ ವಿಡಿಯೋಗಳು ಬರತೊಡಗಿದವು. ಒಂದೊಂದರಲ್ಲೂ ಒಂದೊಂದು ಹೆಸರು. ಸೆಖೆಯ ದಿನ 'ಬೀಸಣಿಗಿ'. ಸ್ವರ ಹಟ ಮಾಡಿದರೆ 'ಸೆಟಗೊಂಡಾಕಿ'. ಎಳೆದಾಗ ಒಂದು, ಒತ್ತಿದಾಗ ಇನ್ನೊಂದು ಹೇಳುವುದಕ್ಕೆ 'ಬೀಗತಿ': "ಮುಂದ ಒಂದ ಮಾತು, ಹಿಂದ ಒಂದ ಮಾತು!" ಹೆಂಗಸರು ಓ ಎಂದು ನಗುವುದು, ಅವಳು ಅದರ ತಲೆ ಸವರಿ ಮತ್ತೆ ಶುರುಮಾಡುವುದು. ನಾನು ಮಧ್ಯಾಹ್ನ ಒಬ್ಬಳೇ ಕೂತು ಆ ವಿಡಿಯೋಗಳನ್ನು ಸದ್ದು ಆರಿಸಿ ನೋಡುತ್ತಿದ್ದೆ. ಕಾನ್ಸರ್ಟಿನಾದ ಕೈಪಟ್ಟಿ ಒಂದು ಕಡೆ ಕಿತ್ತಿತ್ತು, ಅದನ್ನು ಅವಳು ಇಳಕಲ್ ಸೀರೆಯ ಕೆಂಪು ಅಂಚಿನ ತುಂಡಿನಿಂದ ಹೊಲಿದದ್ದು ನನಗೆ ಮಾತ್ರ ಕಂಡಿರಬೇಕು. ಹೊಲಿಗೆ ಬಹಳ ಚೆನ್ನಾಗಿತ್ತು. ಅದೇ ನನಗೆ ಹೆಚ್ಚು ಚುಚ್ಚಿತು.

ಶ್ರಾವಣ ಮುಗಿಯಿತು, ಗಣೇಶ ಹೋದ, ದಸರೆಯೂ ಆಯಿತು. ಕಾನ್ಸರ್ಟಿನಾ ಬರಲಿಲ್ಲ. "ಹಾರ್ಮೋನಿಯಂ ಪೇಟಿ ಇನ್ನೂ ರಿಪೇರ್ಯಾಗ ಅದರೀ ಅಕ್ಕಾ," ಎನ್ನುತ್ತಿದ್ದಳು. ಅದು ಅಲ್ಲಿಯೇ ಉಳಿದುಬಿಡುತ್ತದೆ ಎಂದು ನನಗೆ ಅನಿಸತೊಡಗಿತ್ತು. ಯಾರಾದರೂ ನ್ಯಾಯ ಹೇಳಲು ಕೂತರೆ ಅವಳಿಗೇ ಕೊಡಿಸುತ್ತಾರೆ ಎಂಬ ಭಯ ಅದರ ಹಿಂದೆ ಇತ್ತು. ಈಗ ಅವಳ ಮಗಳು ಹೆಣ್ಣು ಹೆತ್ತು, ಕೂಸಿಗೆ ಹೆಸರಿಡುವ ದಿನ ಬಂದಿತ್ತು. ಹೋಗಿ, ಊಟ ಮಾಡಿ, ಬರುವಾಗ ನನ್ನದನ್ನು ನಾನು ತರುವುದು; ಅಷ್ಟೇ ನನ್ನ ಲೆಕ್ಕ.

ಹುಮನಾಬಾದಿನ ಬಸ್ಸಿನಲ್ಲಿ ಆಧಾರ್ ತೋರಿಸಿ ಟಿಕೆಟ್ಟು ಇಸಿದುಕೊಂಡು ಕಿಟಕಿಯ ಬದಿಗೆ ಕೂತೆ. ಮಹಾಗಾಂವ್ ಕ್ರಾಸ್ ದಾಟಿದ ಮೇಲೆ ಎರಡೂ ಕಡೆ ತೊಗರಿ ಎದೆಯೆತ್ತರ ಬೆಳೆದು ಹಳದಿ ಹೂವಿಗೆ ಬಂದಿತ್ತು. ಪಕ್ಕದಲ್ಲಿ ಕೂತ ಹೆಂಗಸು ನನ್ನ ಚೀಲ ಒತ್ತಿ ನೋಡಿ, "ಏನೈತ್ರೀ ಇದರಾಗ, ಗಡಿಯಾರೇನು?" ಎಂದಳು. "ಖಾಲಿ ಪೆಟಗಿ," ಎಂದೆ. ಅವಳು ನನ್ನ ಮುಖ ನೋಡಿ ಆಚೆ ತಿರುಗಿದಳು. ಆ ದಾರಿಯಲ್ಲೇ ನನಗೆ ಒಂದು ಹೆಸರು ಹೊಳೆದದ್ದು: 'ಹವಾಮಹಲ್'. ಒಳಗೆಲ್ಲ ಗಾಳಿ, ಹೊರಗೆ ಸಾಲು ಸಾಲು ಕಿಂಡಿ. ಒಬ್ಬಳೇ ನಕ್ಕೆ. ಇವತ್ತು ಸಮಯ ನೋಡಿ ಎಲ್ಲರ ಮುಂದೆ ಹೇಳಬೇಕು ಎಂದುಕೊಂಡೆ.

ಕಮಲಾಪುರದ ಮನೆ ತುಂಬಾ ಹೆಂಗಸರು. ಜಂತಿಗೆ ಕಟ್ಟಿದ ತೊಟ್ಟಿಲಿಗೆ ಸೇವಂತಿಗೆ ಹಾರ, ಕೆಳಗೆ ರಂಗೋಲಿ, ಮೂಲೆಯಲ್ಲಿ ಗುಗ್ಗರಿಯ ಬುಟ್ಟಿ. ಅತ್ತೆಯವರು ಹೊರಸಿನ ಮೇಲೆ ಕೂತು ಎಲ್ಲರಿಗೂ ಆಜ್ಞೆ ಕೊಡುತ್ತಿದ್ದರು. ನಾನು ಕಾಲು ತೊಳೆದು ಒಳಗೆ ಬರುವ ಹೊತ್ತಿಗೆ ಅವರು ಕೇಳುತ್ತಿದ್ದರು, "ಗುಂಡಕಲ್ಲ ಎಲ್ಲದನವ್ವಾ?"

ನಮ್ಮ ಕಡೆ ಕೂಸನ್ನು ನೇರ ತೊಟ್ಟಿಲಿಗೆ ಹಾಕುವುದಿಲ್ಲ. ಮೊದಲು ರುಬ್ಬುವ ಗುಂಡುಕಲ್ಲಿಗೆ ಕುಂಚಿಗೆ ತೊಡಿಸಿ, ಕೂಸಿನ ಹಾಗೆ ಸಿಂಗರಿಸಿ, ತೊಟ್ಟಿಲಿನ ಕೆಳಗಿನಿಂದ ಈ ಕಡೆಯವರು ಕೊಟ್ಟು, ಮೇಲಿನಿಂದ ಆ ಕಡೆಯವರು ತಿರುಗಿಸಿ ಕೊಡುತ್ತಾರೆ. ಕೂಸು ಕಲ್ಲಿನ ಹಾಗೆ ಗಟ್ಟಿಯಾಗಲಿ ಎಂದು. ಆಮೇಲೆ ಕೂಸಿನ ಸರದಿ.

"ಮಿಕ್ಸಿ ಬಂದ ಮ್ಯಾಲ ಆ ಕಲ್ಲ ಯಾರ ಕಂಡಾರ ಅತ್ತಿ," ಎಂದು ನೆಗೆಣ್ಣಿ ಒಳಕೋಣೆಯಿಂದ ಬಂದಳು. ಅವಳ ಕೈಯಲ್ಲಿ ಕುಂಚಿಗೆ ತೊಟ್ಟ, ಹಣೆಗೆ ಕಾಡಿಗೆಯ ಬೊಟ್ಟು ಇಟ್ಟ ಒಂದು ಗಂಟು. ಕುಂಚಿಗೆಯ ಕೆಳಗೆ ಆರು ಮೂಲೆಯ ಹಲಗೆ ಇಣುಕುತ್ತಿತ್ತು. "ಇವತ್ತ ಇದೇ ಇರಲಿ. ಹೆಣ್ಣ ಕೂಸು ಕಲ್ಲಿನಂಗ ಯಾಕಿರಬೇಕು? ಇದರಂಗ ಬಾಯಿ ಮಾಡಲಿ!"

ಹೆಂಗಸರೆಲ್ಲ ಕೂಗಿ ನಕ್ಕರು. ಅತ್ತೆಯವರು ಬೇಡ ಎನ್ನುತ್ತಾರೆಂದು ನಾನು ಕಾದೆ. ಶಾಸ್ತ್ರದ ವಿಷಯದಲ್ಲಿ ಒಂದು ಕಡ್ಡಿ ಅತ್ತಿತ್ತ ಆಗಲು ಬಿಡದವರು. "ನಡೀಲಿ, ನಡೀಲಿ," ಎಂದರು.

ಸಿಸ್ಟರ್ ನನ್ನ ಜೋಪಾನದ ಕೈಗೆ ಕೊಟ್ಟದ್ದು ತೊಟ್ಟಿಲಿನ ಕೆಳಗೆ ಹೋಯಿತು, ಮೇಲೆ ಬಂತು. "ಗುಂಡಪ್ಪನ ತಗೋರಿ!" "ಕೂಸಿನ ಕೊಡ್ರಿ!" ಯಾರದೋ ಹೆಬ್ಬೆರಳು ಬಟ್ಟೆಯ ಮೇಲಿನಿಂದಲೇ ಗುಂಡಿಗೆ ತಾಗಿ ಅದು ಪೇಂ ಎಂದಿತು. ನಗು ಇನ್ನಷ್ಟು. ತಿದಿಯ ಮಡಿಕೆ ಹರಿದೀತೆಂದು ನಾನು ಕೈ ಚಾಚಿ ಮುಂದೆ ಹೋದೆ.

"ಮೆಲ್ಲಕ್ರೀ, ಮೆಲ್ಲಕ," ಎಂದೆ.

ಭಜನೆಯ ಹಿರಿಯ ಹೆಂಗಸೊಬ್ಬರು ನನ್ನ ಗಲ್ಲ ಹಿಡಿದು, "ಹಡದಾಕಿ ಆರಾಮ ಕುಂತಾಳ, ಈಕಿಗೇ ಬ್ಯಾನಿ ಎದ್ದಂಗದ ನೋಡ್ರಿ!" ಎಂದರು.

ಆಮೇಲೆ ಕೂಸಿನ ಸರದಿ ಬಂತು. ಕೂಸಿನ ತಂದೆಯ ಅಕ್ಕ, ಅಂದರೆ ಅದರ ಅತ್ತೆ, ತೊಟ್ಟಿಲಿಗೆ ಬಗ್ಗಿ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳಿದರು. ಹೆಸರು ಹೇಳುವವರ ಬೆನ್ನಿಗೆ ಹಿಂದೆ ನಿಂತ ಹೆಂಗಸರು ಗುದ್ದುವುದು ರೂಢಿ. ಗುದ್ದಿದರು, ಅವರು ಅಯ್ಯಯ್ಯೋ ಎಂದು ನಾಟಕ ಮಾಡಿದರು, ಗುಗ್ಗರಿ ಹಂಚಿದರು. ಕೂಸು ಅತ್ತಿತೆಂದು ಹಾಲಿಗೆ ಒಳಗೆ ಒಯ್ದರು.

"ಖಾಲಿ ತೊಟ್ಲ ತೂಗಬಾರದವ್ವಾ," ಎಂದು ಅದೇ ಹಿರಿಯ ಹೆಂಗಸು ಕುಂಚಿಗೆಯ ಗಂಟನ್ನು ಎತ್ತಿ ತೊಟ್ಟಿಲಲ್ಲಿ ಮಲಗಿಸಿದರು. "ಇದಕ್ಕೂ ಒಂದ ಹೆಸರ ಇಟ್ಟಬಿಡ್ರಿ. ದಿನಕ್ಕೊಂದ ಕರದ ಕರದ ಅದಕ್ಕೂ ತಲಿ ಕೆಟ್ಟದ."

"ತಾಯಿ ಯಾರು?"

"ನಮ್ಮ ಅಕ್ಕಾ," ಎಂದಳು ನೆಗೆಣ್ಣಿ. "ನಾ ಅತ್ತಿ. ಕಿವಿ ಎಲ್ಲದ ಇದಕ್ಕ?"

"ಆರು ಮೂಲಿ ಅದಾವ, ಯಾವದರ ಒಂದ ಕಿವೀನ!"

ಹೆಸರು ಏನಿಡೋಣ ಎಂದು ತಾಯಿಯನ್ನು ಒಂದು ಮಾತು ಕೇಳುತ್ತಾರೆ. ಹವಾಮಹಲ್ ನಾಲಿಗೆಯ ತುದಿಯಲ್ಲಿತ್ತು. ಯಾರೂ ಕೇಳಲಿಲ್ಲ. ನೆಗೆಣ್ಣಿ ಆಗಲೇ ಬಗ್ಗಿದ್ದಳು. ನಾನೂ ಉಳಿದವರ ಜೊತೆ ಅವಳ ಹಿಂದೆ ಹೋಗಿ ನಿಂತೆ. ಅವಳ ಕುಪ್ಪಸದ ಬೆನ್ನು ಬೆವರಿನಿಂದ ಒದ್ದೆಯಾಗಿ ಅಂಟಿಕೊಂಡಿತ್ತು. ಬೆಳಿಗ್ಗೆಯಿಂದ ಒಲೆಯ ಮುಂದೆ ಇದ್ದವಳು.

"ಕುರ್ರ್... ನಾಜೂಕವ್ವ," ಎಂದಳು. "ಮೆಲ್ಲಕ ಮುಟ್ಟಿದ್ರ ಹಾಡ್ತಾಳ. ಜೋರ ಮಾಡಿದ್ರ ಮಾರಿ ಊದಸ್ತಾಳ."

ಅತ್ತೆಯವರು ಹೊರಸಿನ ಮೇಲಿಂದ, ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತ, ನನ್ನ ಕಡೆ ಕೈ ಮಾಡಿ ಹೇಳಿದರು: "ಬರೋಬ್ಬರಿ ಇಟ್ಟಿ ನೋಡು. ಮನ್ಯಾಗ ಒಬ್ಬಾಕಿ ಇದ್ದಳು, ಈಗ ಇಬ್ಬರಾದ್ರು!"

ಎಲ್ಲರ ಮುಷ್ಟಿಗಳು ಅವಳ ಬೆನ್ನ ಮೇಲೆ ಹೂವಿನ ಹಾಗೆ ಬಿದ್ದವು. ನನ್ನದು ಹಾಗೆ ಬೀಳಲಿಲ್ಲ. ನಾನು ಎಷ್ಟು ಜೋರಾಗಿ ಗುದ್ದಿದೆನೋ ಗೊತ್ತಿಲ್ಲ. ಧಪ್ ಎಂದ ಆ ಸದ್ದು ಉಳಿದ ಸದ್ದುಗಳಿಗಿಂತ ಬೇರೆಯಾಗಿತ್ತು. ಅವಳು ಮುಂದೆ ಮುಗ್ಗರಿಸಿದಳು; ತೊಟ್ಟಿಲು ಅಡ್ಡ ವಾಲಿತು; ಅವಳ ಎದೆಯ ಕೆಳಗೆ ಸಿಕ್ಕ ಕಾನ್ಸರ್ಟಿನಾ ಒಂದು ದೊಡ್ಡ ಉಸಿರು ಬಿಟ್ಟಿತು. ನಗು ನಿಂತಿತು. ನನ್ನ ಬಲಗೈಯ ಒಂದು ಬಳೆ ಒಡೆದು ರಂಗೋಲಿಯ ಮೇಲೆ ಬಿದ್ದಿತ್ತು.

ನೆಗೆಣ್ಣಿ ಹಗ್ಗ ಹಿಡಿದು ನೆಟ್ಟಗಾದಳು. ಕೆಮ್ಮಿದಳು. ತಿರುಗಿ ನನ್ನ ಮುಖ ನೋಡಿದಳು, ಆಮೇಲೆ ನನ್ನ ಕೈ. ಅವಳ ಕಣ್ಣಲ್ಲಿ ನೀರು ಬಂದಿತ್ತು. ನಾನು ಗುದ್ದಿದ್ದು ಯಾಕೆಂದು ಅವಳಿಗೆ ಆ ಕ್ಷಣವೇ ತಿಳಿಯಿತು; ನನಗೂ ಅವಳಿಗೆ ತಿಳಿದದ್ದು ತಿಳಿಯಿತು.

"ಅಬಾಬಾ ಅಕ್ಕಾ," ಎಂದಳು, ಎಲ್ಲರಿಗೂ ಕೇಳುವ ಹಾಗೆ. "ನಿಮ್ಮ ಕೈಯಾಗ ಇಷ್ಟ ಜೋರ ಅದ ಅಂತ ಮೊದಲ ಗೊತ್ತಿದ್ರ ನಿನ್ನಿ ಶೇಂಗಾ ನಿಮ್ಮ ಕಡಿಂದೇ ಕುಟ್ಟಸ್ತಿದ್ದೆ!"

ಮತ್ತೆ ನಗು ಹೊತ್ತಿಕೊಂಡಿತು. ಯಾರೋ ಬಳೆಚೂರು ಆರಿಸಿದರು. ಎಲ್ಲರೂ ಮರೆತರು. ಅವಳು ನನ್ನ ಮಾನ ಉಳಿಸಿದ್ದಳು, ಅದೂ ಒಂದು ಒಳ್ಳೆಯ ಮಾತಿನಿಂದ. ಪೆಟ್ಟು ತಿಂದ ಬಾಯಲ್ಲೂ ಅಂಥ ಮಾತು ಬರುತ್ತದಲ್ಲ ಇವಳಿಗೆ ಎಂದು, ನಾಚಿಕೆಯ ನಡುವೆಯೂ, ನನಗೆ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಹೇಳಲಿ.

ಊಟವಾಗಿ ಹೆಂಗಸರು ಹೋದ ಮೇಲೆ ನಾನು ಹಿತ್ತಲಲ್ಲಿ ಪಾತ್ರೆಗಳನ್ನು ಬೂದಿ ಹಚ್ಚಿ ತಿಕ್ಕುತ್ತ ಕೂತೆ. ಬೇಡ ಎಂದರೂ ಎದ್ದಿರಲಿಲ್ಲ. ನೆಗೆಣ್ಣಿ ಬಂದು ಎದುರಿಗೆ ಕೂತಳು. ಅವಳ ತೊಡೆಯ ಮೇಲೆ ನನ್ನ ಚರ್ಮದ ಪೆಟ್ಟಿಗೆ ಇತ್ತು.

"ಕೂಸಿನ ಅಂಗಿ ತಗೀವಾಗ ಚೀಲದಾಗ ಇದ ಕಂಡ್ತರೀ ಅಕ್ಕಾ."

ನಾನು ತಲೆ ತಗ್ಗಿಸಿ ಪಾತ್ರೆ ತಿಕ್ಕಿದೆ.

"ಒರಸಿ ಒಳಗ ಇಟ್ಟೀನಿ. ತಗೊಂಡ ಹೋಗ್ರಿ." ಪೆಟ್ಟಿಗೆಯ ಕೊಂಡಿ ಹಾಕುತ್ತ ಹೇಳಿದಳು: "ನಮ್ಮ ಪೇಟಿ ರಿಪೇರಿ ಆಗಿ ಬಂದು ತಿಂಗಳಾತ್ರೀ. ನಾನೇ ಸುಳ್ಳ ಹೇಳೀನಿ. ಕೈಗೆ ರೂಢಿ ಆಗಿಬಿಟ್ಟಿತ್ತು, ಬಿಡಾಕ ಮನಸಾಗಲಿಲ್ಲ."

"ಬೆನ್ನ ನೋಯಾಕತ್ತದೇನು?" ಎಂದೆ.

"ಏ, ಇಲ್ರೀ. ಶಾಸ್ತ್ರದ ಗುದ್ದ ಯಾರಿಗೆ ನೋಯ್ತದ." ಆದರೆ ಪೆಟ್ಟಿಗೆ ಕೆಳಗಿಟ್ಟು ಎದ್ದು, ಮೇಲಿನ ಹಲಗೆಯ ಮೇಲೆ ಪಾತ್ರೆ ಇಡಲು ಎತ್ತಿದ ಬಲಗೈಯನ್ನು ಅರ್ಧಕ್ಕೆ ಇಳಿಸಿ, ಎಡಗೈಯಿಂದ ಇಟ್ಟಳು.

ಆಮೇಲೆ, ಮರೆತದ್ದು ನೆನಪಾದವಳ ಹಾಗೆ, "ಎಡಗಡಿ ಮೂರನೇ ಗುಂಡಿ ದನಿ ಮಾಡ್ತಿದ್ದಿಲ್ಲಲ್ರೀ, ಅದು 'ಮೂಕಿ' ಅಂತ ಅಂದ್ಕೊಂಡಿದ್ವಿ," ಎಂದಳು. "ಒಂದಿನ ನಾಕ ಸ್ಕ್ರೂ ಬಿಚ್ಚಿ ನೋಡಿದ್ರ ಒಳಗ ಒಂದ ಅಕ್ಕಿಕಾಳ ಸಿಕ್ಕೊಂಡದ. ಕಸಬರಿಗಿ ಕಡ್ಡಿಲೆ ತಗದೆ. ಈಗ ಮಾತಾಡ್ತಾಳ."

ಇಟ್ಟುಕೋ, ನಿನ್ನ ಹತ್ತಿರವೇ ಇರಲಿ ಎಂದು ಹೇಳಬೇಕಾದ ಹೊತ್ತು ಅದು. ಮಾತು ಹಲ್ಲಿನವರೆಗೂ ಬಂತು. ಕೈ ತೊಳೆದುಕೊಂಡು ಪೆಟ್ಟಿಗೆ ತೆಗೆದುಕೊಂಡೆ.

ಬಸ್ಸಿನವರೆಗೆ ಅವಳೇ ಅದನ್ನು ಹೊತ್ತು ತಂದಳು. ಇನ್ನೊಂದು ಕೈಯಲ್ಲಿ ತೋಟದ ಕೆಂಪು ಬಾಳೆಹಣ್ಣಿನ ಒಂದು ಹಣಿಗೆ. ನಾನು ಕಿಟಕಿಯ ಬದಿಗೆ ಕೂತ ಮೇಲೆ ಎರಡನ್ನೂ ಒಳಗೆ ಕೊಟ್ಟಳು. "ದೀಪಾವಳಿಗೆ ಭಾವಾರನ ಕರಕೊಂಡ ಬರ್ರೀ ಅಕ್ಕಾ." ಬಸ್ಸು ಹೊರಟಾಗ ತಿರುಗಿ ನೋಡಿದೆ. ಕೈ ಬೀಸಿ ಮುಗಿಸಿದ್ದಳು. ಎರಡೂ ಕೈಗಳನ್ನು ಹೊಟ್ಟೆಯ ಮುಂದೆ ಹಿಡಿದು ನಿಂತಿದ್ದಳು. ಬೆರಳುಗಳು ಒಂದೊಂದಾಗಿ ಏಳುತ್ತಿದ್ದವು, ಬೀಳುತ್ತಿದ್ದವು. ಅವಳಿಗೇ ಗೊತ್ತಿರಲಿಲ್ಲ ಎಂದು ಕಾಣುತ್ತದೆ. ತೊಡೆಯ ಮೇಲಿನ ಪೆಟ್ಟಿಗೆಯನ್ನು ನಾನು ಇನ್ನೂ ಗಟ್ಟಿಯಾಗಿ ಹಿಡಿದುಕೊಂಡೆ.

ಮನೆ ಮುಟ್ಟುವಾಗ ಸಂಜೆಯಾಗಿತ್ತು. ಯಜಮಾನರು ಇನ್ನೂ ಬಂದಿರಲಿಲ್ಲ. ಮುಖ ತೊಳೆದು, ದೀಪ ಹಚ್ಚಿ, ಹಿಂದಿನ ಬಾಗಿಲು ತೆರೆದು ಕೂತೆ. ನೋಟ್‌ಬುಕ್ಕು ತೆರೆಯಲಿಲ್ಲ. ಪುಸ್ತಕವಿಲ್ಲದೆ ಅವಳಿಗೆ ಆಗುವುದು ನನಗೇಕೆ ಆಗಬಾರದು? ಕಣ್ಣು ಮುಚ್ಚಿ ಸೋಮವಾರದ ಆ ಭಜನೆಯ ಮೊದಲ ಸಾಲನ್ನು ಹುಡುಕಿದೆ. ಎಳೆಯಬೇಕಾದಲ್ಲಿ ಒತ್ತಿದೆ, ಒತ್ತಬೇಕಾದಲ್ಲಿ ಎಳೆದೆ. ಎಡಗಡೆಯ ಮೂರನೇ ಗುಂಡಿ ಮೂಕಿ ಎಂದೇ ಇಷ್ಟು ವರ್ಷ ನನ್ನ ಬೆರಳು ಅದರ ಮೇಲೆ ಧೈರ್ಯವಾಗಿ ಕೂತಿರುತ್ತಿತ್ತು. ಈಗ ಅದು ನಡುನಡುವೆ ಬಾಯಿ ಹಾಕತೊಡಗಿತು. ನಾಲ್ಕು ಸ್ವರ ಬರುವುದು, ಐದನೆಯದು ಕೆಡುವುದು. ಮತ್ತೆ ಮೊದಲಿನಿಂದ. ಮತ್ತೆ ಕೆಡುವುದು. ಅವಳ ಹಾಗೆ ಅದಕ್ಕೆ ಬೈದೂ ನೋಡಿದೆ. "ಥೂ," ಎಂದೆ. ನನ್ನ ಬಾಯಲ್ಲಿ ಆ ಶಬ್ದ ಉಗುಳಿದ ಹಾಗೆ ಕೇಳಿಸಿತು. ಕೈಪಟ್ಟಿಯ ಕೆಂಪು ಅಂಚು ಬೆವರಿನಿಂದ ಒದ್ದೆಯಾಗಿ ನನ್ನ ಮಣಿಕಟ್ಟಿಗೆ ಬಣ್ಣ ಹತ್ತಿತು. ಎಂಟನೆಯ ಸಲವೋ ಒಂಬತ್ತನೆಯ ಸಲವೋ ಕೆಟ್ಟಾಗ ಅದನ್ನು ತೊಡೆಯ ಮೇಲಿಟ್ಟೆ.

ಕಾಂಪೌಂಡು ಗೋಡೆಯಾಚೆ ಪಕ್ಕದ ಮನೆಯವರು ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಒಂದು ಚಾದರವನ್ನು ಝಾಡಿಸಿ, ಅಂಚಿಗೆ ಅಂಚು ಕೂಡಿಸಿ ಮಡಚುತ್ತ, ನನ್ನ ಕಡೆ ಸರಿಯಾಗಿ ನೋಡದೆಯೇ ಹೇಳಿದರು:

"ಇದೇನ ಹೊಸಾದ ಹಚ್ಚೀರೀ ವೈನಿ? ದಿನಾ ಬಾರಸ್ತಿದ್ರಲ್ಲ, ಆ ಹಳೇದ ಬಾರಸ್ರೀ. ಅದು ಕೇಳಿದ ಮ್ಯಾಲೇ ನಮ್ಮ ಅತ್ತಿಯವರು ಸಂಜೀ ಗುಳಗಿ ತಗೋತಿದ್ರು. ಎರಡ ತಿಂಗಳಾತು, ದಿನಾ ಮರಿಯಾಕತ್ತಾರ."